ಅಂಗಿಗುಂಡಿಯಷ್ಟು ಬೆಳಕು

ಜೂನ್ ೪

ಮಗಳೇ,

ನೀನು ಹೋಗಿ ಹನ್ನೊಂದು ದಿನವಾಯಿತು. ಪೈಲಟ್ ಟ್ರೈನಿಂಗಿನಲ್ಲಿ ಭಾನುವಾರಕ್ಕೊಮ್ಮೆ ಹತ್ತು ನಿಮಿಷ ಫೋನ್ ಕೊಡುತ್ತಾರೆ ಎಂದೆ. ಆ ಹತ್ತರಲ್ಲಿ ಏಳು ನಿಮಿಷ "ಕೇಳಿಸ್ತಾ, ಕೇಳಿಸ್ತಾ" ಎನ್ನುವುದರಲ್ಲೇ ಹೋಯಿತು. ಅದಕ್ಕೇ ಈ ಕಾಗದ. ಕಾಗೆ ಕಾಲು ಗುಬ್ಬಿ ಕಾಲು ಎಂದು ನಗಬೇಡ. ಹಗಲಿಡೀ ಕ್ರೇನಿನ ಲಿವರ್ ಹಿಡಿದ ಕೈಗೆ ಪೆನ್ನು ಎಂದರೆ ಕಡ್ಡಿ ಹಿಡಿದ ಹಾಗೆ.

ಮನೆ ನೀನು ಬಿಟ್ಟ ಹಾಗೇ ಇದೆ. ಕಂಪ್ಯೂಟರಿನ ಮುಂದೆ ನಮ್ಮ ವಿಮಾನದಾಟದ ಕುರ್ಚಿಯೂ ಹಾಗೇ ಇದೆ. ಗುಜರಿಗೆ ಹೊರಟಿದ್ದ ಹಳೇ ಕ್ರೇನಿನ ಸೀಟನ್ನು ನಾವಿಬ್ಬರೂ ಮೆಟ್ಟಿಲಲ್ಲಿ ಹೊತ್ತು ತಂದದ್ದು, ಅದರ ಲಿವರಿನ ಹಿಡಿಯನ್ನೇ ಕಳಚಿ ಆಟದ ಸ್ಟಿಕ್ಕಿಗೆ ಕೂರಿಸಿದ್ದು ನೆನಪಿದೆಯಲ್ಲ? ನಿನಗೆ ಆಗ ಹನ್ನೆರಡು. ಪಕ್ಕದ ಸ್ಟೂಲು ಈಗ ಖಾಲಿ.

ಹೋದ ಭಾನುವಾರ ಬೆಳಿಗ್ಗೆ ಆಟದಲ್ಲಿ ನರಿ ಸಿಕ್ಕಿದ. ಅದೇ ನರಿ, ಪ್ರಪಂಚದ ಯಾವುದೋ ತುದಿಯಲ್ಲಿ ಕುಳಿತು ಎರಡು ವರ್ಷ ನಮ್ಮಿಬ್ಬರ ಜೀವ ತಿಂದವನು. ಬೆನ್ನು ಕಾಯಲು ನೀನಿಲ್ಲ, ಸೀದಾ ಬಂದು ನನ್ನ ಬಾಲ ಹಿಡಿದ. ನಾನು ವಿಮಾನವನ್ನು ಎಡಕ್ಕೆ ಮಲಗಿಸಿ ಸ್ಟಿಕ್ಕನ್ನು ಎದೆಗೆ ಎಳೆದೆ. ಪರದೆಯ ಮೇಲೆ ಮೊದಲು ಬಣ್ಣ ಹೋಯಿತು, ಆಮೇಲೆ ಅಂಚು ಕಪ್ಪಾಯಿತು, ಕೊನೆಗೆ ಪೈಲಟ್ಟಿನ ಉಸಿರಿನ ಸದ್ದಷ್ಟೇ ಉಳಿಯಿತು. ನಿನಗೆ ಕಲಿಸಿದ್ದನ್ನೇ ಮಾಡಿದೆ. ಅಂಗಿಯ ಗುಂಡಿಯಷ್ಟು ಬೆಳಕು ಉಳಿಸಿಕೊಂಡು ಅದರೊಳಗೇ ತಿರುಗಬೇಕು. ಗುಂಡಿ ದೊಡ್ಡದಾಯಿತೆಂದರೆ ತಿರುವು ಸಡಿಲ ಎಂದು ಅರ್ಥ; ಚಿಕ್ಕದಾಯಿತೋ, ಸ್ಟಿಕ್ಕನ್ನು ಬೆರಳಷ್ಟು ಮುಂದಕ್ಕೆ ತಳ್ಳು, ಬೆಳಕು ಬರುತ್ತದೆ, ಮತ್ತೆ ಎಳಿ. ಹೀಗೇ ಮೂರು ಸುತ್ತು ಹೋದೆ. ಆದರೆ ಸುತ್ತಿಗೊಮ್ಮೆ ವೇಗ ಸೋರುತ್ತಿತ್ತು. ವೇಗ ಬೇಕೆಂದರೆ ಎತ್ತರ ಬಿಡಬೇಕು, ನನ್ನ ಹತ್ತಿರ ಬಿಡಲು ಎತ್ತರವೇ ಉಳಿದಿರಲಿಲ್ಲ. ನರಿ ಮೇಲೆ ಕೂತು ಕಾದ. ನಾನು ಮರದ ತುದಿಗೆ ಇಳಿದು ತೆವಳುವಾಗ ಬಂದು ಹೊಡೆದ.

ಸೈಟಿನಲ್ಲಿ ಏಳನೇ ಮಹಡಿ ಎದ್ದಿದೆ. ಕೆಳಗಿನಿಂದ ನನಗೆ ಸನ್ನೆ ಮಾಡುವವನು ಸೀಟಿಯೇ. ವಾಕಿಟಾಕಿ ಬಂದು ಇಷ್ಟು ವರ್ಷವಾದರೂ ಸೀಟಿ ಊದುವುದನ್ನು ಬಿಟ್ಟಿಲ್ಲ. "ಏನಪ್ಪಾ ಮೇಲ್ಲೋಕದೋನೆ, ಮಗಳು ನಿನ್ಗಿಂತ ಎತ್ರಕ್ಕೆ ಹೋಗ್ತಾಳಂತೆ, ಹೊಟ್ಟೆ ಉರೀತಿಲ್ವಾ?" ಎಂದು ಕೇಳಿದ. ಉರಿಯುತ್ತಿದೆ ಎಂದೆ.

ಇನ್ನೊಂದು ಮಾತು. ಮೆಡಿಕಲ್ ಫಾರಂನಲ್ಲಿ ಏನು ಬರೆದೆಯೋ ಅದನ್ನೇ ಯಾರು ಕೇಳಿದರೂ ಹೇಳು. ಬೇರೆ ಮಾತು ಬೇಡ.

ಕಾಯುವ,
ಅಪ್ಪ


ಜೂನ್ ೧೬

ಅಪ್ಪಾ,

ಕಾಗದ ಬಂತು. ಓದಲು ಭೂತಗನ್ನಡಿ ಬೇಕಾಯಿತು, ಕೋಣೆಯ ಉಳಿದ ಮೂವರೂ ಸಹಾಯಕ್ಕೆ ಬಂದರು. ಫಾರಂ ಬಗ್ಗೆ ಬರೆದ ಸಾಲನ್ನು ಮಾತ್ರ ಬೆರಳು ಇಟ್ಟು ಮುಚ್ಚಿಕೊಂಡೆ. ಹೀಗೆಲ್ಲ ಬರೆಯಬೇಡ.

ನಮ್ಮ ಇನ್‌ಸ್ಟ್ರಕ್ಟರ್ ತೆಳ್ಳಗೆ ಉದ್ದಕ್ಕಿದ್ದಾರೆ, ಎಲ್ಲರೂ ಹಿಂದಿನಿಂದ ಕಡ್ಡಿಪೈಲ್ವಾನ್ ಎನ್ನುತ್ತೇವೆ. ಮೊದಲ ದಿನವೇ, "ಮನೇಲಿ ಕಂಪ್ಯೂಟರ್ ಮುಂದೆ ಕೂತು ಯುದ್ಧ ಮಾಡಿದೋರು ಕೈ ಎತ್ತಿ" ಎಂದರು. ಐದು ಜನ ಎತ್ತಿದೆವು. "ನಿಮ್ಮೈದು ಜನಕ್ಕೆ ಕಲಿಸೋಕೆ ಮುಂಚೆ ಒಂದಷ್ಟು ಮರೆಸ್ಬೇಕು" ಎಂದರು. ನನಗೆ ಸಿಟ್ಟು ಬಂತು. ಮಧ್ಯಾಹ್ನ ಬೋರ್ಡಿನ ಮೇಲೆ ಎರಡು ವಿಮಾನ ಬರೆದು, ಒಂದೇ ವೇಗ, ಒಂದೇ ತಿರುವು, ಗೆಲ್ಲುವವರು ಯಾರು ಎಂದು ಕೇಳಿದಾಗ, ಮೇಲಿರುವವರು ಎಂದೆ. ಕೆಳಗಿನವರು ತಿರುಗಿ ತಿರುಗಿ ವೇಗ ಕಳೆದುಕೊಳ್ಳುತ್ತಾರೆ, ಮೇಲಿನವರು ಬೇಕೆಂದಾಗ ಎತ್ತರವನ್ನು ವೇಗ ಮಾಡಿಕೊಳ್ಳುತ್ತಾರೆ ಎಂದೆ.

"ಯಾರು ಹೇಳಿಕೊಟ್ರು?"

"ನಮ್ಮಪ್ಪ ಸರ್."

"ಪೈಲಟ್ಟಾ?"

"ಕ್ರೇನ್ ಆಪರೇಟರ್ ಸರ್."

ಕ್ಲಾಸು ನಕ್ಕಿತು. ಕಡ್ಡಿ ನಗಲಿಲ್ಲ. "ಸರಿಯಾಗೇ ಹೇಳಿಕೊಟ್ಟಿದಾರೆ" ಎಂದರು. ನೀನು ಅಲ್ಲಿರಬೇಕಿತ್ತು.

ಫಾರಂ ಬಗ್ಗೆ ನೀನು ಬರೆದದ್ದಕ್ಕೆ ಉತ್ತರ: ಡಾಕ್ಟರು ಎದುರಿಗೆ ಕೂರಿಸಿಕೊಂಡು ಮತ್ತೆ ಕೇಳಿದರು, ಯಾವಾಗಲಾದರೂ ಪ್ರಜ್ಞೆ ತಪ್ಪಿ ಬಿದ್ದದ್ದುಂಟಾ ಎಂದು. ಇಲ್ಲ ಎಂದೆ. ಶಾಲೆಯ ಬೆಳಗಿನ ಸಾಲಿನಲ್ಲಿ ನಾನು ಎರಡು ಸಲ ಬಿದ್ದದ್ದು ನಿನಗೆ, ನನಗೆ, ಡ್ರಿಲ್ ಮೇಷ್ಟ್ರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮೇಷ್ಟ್ರು ಮರೆತಿರುತ್ತಾರೆ. ಇನ್ನು ಈ ವಿಷಯ ಕಾಗದದಲ್ಲಿ ಬೇಡ.

ಮುಂದಿನ ವಾರ ದೊಡ್ಡ ಸುತ್ತುವ ಯಂತ್ರದಲ್ಲಿ ಕೂರಿಸುತ್ತಾರೆ.

ನಿನ್ನ
ಮಗಳು


ಜೂನ್ ೨೯

ಅಪ್ಪಾ,

ಯಂತ್ರದಲ್ಲಿ ಸೋತೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಒಂದು ದುಂಡನೆಯ ಹಾಲು, ನಡುವೆ ಕಬ್ಬಿಣದ ಉದ್ದ ತೋಳು, ತುದಿಯಲ್ಲಿ ಡಬ್ಬಿಯಂಥ ಕೋಣೆ. ಅದರಲ್ಲಿ ಕಟ್ಟಿ ಕೂರಿಸಿ ತಿರುಗಿಸುತ್ತಾರೆ. ಮೈಯ ಭಾರ ಎರಡರಷ್ಟು, ನಾಲ್ಕರಷ್ಟು, ಆರರಷ್ಟು ಆಗುತ್ತದೆ, ರಕ್ತವೆಲ್ಲ ಕಾಲಿಗಿಳಿಯುತ್ತದೆ. ಎದುರಿಗೆ ನಡುವೆ ಒಂದು ಕೆಂಪು ದೀಪ, ಅಕ್ಕಪಕ್ಕ ಎರಡು ಹಸಿರು. ಹಸಿರು ಕಾಣದಾದ ಕೂಡಲೇ ಬಟನ್ ಒತ್ತಬೇಕು, ನಿಲ್ಲಿಸುತ್ತಾರೆ. ಹಸಿರು ಹೋಯಿತು. ನಾನು ಒತ್ತಲಿಲ್ಲ. ಕೆಂಪು ಇನ್ನೂ ಅಂಗಿಗುಂಡಿಯಷ್ಟು ಕಾಣುತ್ತಿತ್ತು. ಇದು ನಮ್ಮ ಜಾಗ, ಇಲ್ಲಿ ನಾನು ಎಷ್ಟು ಹೊತ್ತು ಬೇಕಾದರೂ ಇರಬಲ್ಲೆ ಎಂದುಕೊಂಡೆ.

ಆಮೇಲೆ ನಾನು ನಮ್ಮ ಅಡುಗೆಮನೆಯಲ್ಲಿದ್ದೆ. ನೀನು ಬೆಂಕಿಪೊಟ್ಟಣ ಹುಡುಕುತ್ತಿದ್ದೆ. ಯಾರೋ ಕರೆದರು, ಕಣ್ಣು ಬಿಟ್ಟರೆ ಕಡ್ಡಿಯ ಮುಖ. "ಇನ್ನೂ ಶುರು ಮಾಡಿಲ್ವಾ ಸರ್?" ಎಂದು ಕೇಳಿದೆನಂತೆ.

ವೀಡಿಯೊ ತೋರಿಸಿದರು. ನನ್ನ ತಲೆ ಎದೆಗೆ ಬಿದ್ದಿದೆ, ಬಾಯಿ ತೆರೆದಿದೆ, ಕೈಗಳು ಅವೇ ಕುಣಿಯುತ್ತಿವೆ. ಹದಿನಾಲ್ಕು ಸೆಕೆಂಡ್. ನನಗೆ ಒಂದೂ ನೆನಪಿಲ್ಲ. ಕಡ್ಡಿ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು, "ಆಟದಲ್ಲಿ ಕತ್ತಲು ಹೇಳಿ ಬರುತ್ತೆ, ನೀವು ಅದನ್ನೇ ಮೀಟರ್ ಮಾಡ್ಕೊಂಡು ಬಿಡ್ತೀರಿ. ಇಲ್ಲಿ ಹೇಳದೇನೂ ಬರುತ್ತೆ. ಹೋದೋರಿಗೆ ತಾವು ಹೋಗಿದ್ವಿ ಅನ್ನೋದೇ ಗೊತ್ತಿರಲ್ಲಮ್ಮ."

ಆಗಸ್ಟಿನಲ್ಲಿ ಇನ್ನೊಂದು ಅವಕಾಶ ಕೊಡುತ್ತಾರೆ. ಅದರಲ್ಲೂ ಹೋದರೆ ಮನೆಗೆ. ಭಯವಾಗುತ್ತಿದೆ ಅಪ್ಪಾ.

ಮಗಳು


ಜುಲೈ ೧೦

ಮಗಳೇ,

ಡಬ್ಬಿಯಲ್ಲಿ ಹಾಕಿ ತಿರುಗಿಸಿದರೆ ಎಮ್ಮೆಗೂ ತಲೆ ಸುತ್ತುತ್ತದೆ, ಅದಕ್ಕೆಲ್ಲ ಅಳುತ್ತಾರಾ? ಆ ಕಡ್ಡಿ ಹೇಳಿದ್ದರಲ್ಲಿ ಅರ್ಧ ತೆಗೆದುಕೋ, ಅರ್ಧ ಬಿಡು.

ನೀನು ಮಾಡಿದ ತಪ್ಪು ಇಷ್ಟೇ, ಮೈ ಬಿಗಿಯುವುದು ತಡವಾಯಿತು. ಭಾರ ಬರುವ ಮುಂಚೆಯೇ ಮೀನಖಂಡ ಬಿಗಿ, ಆಮೇಲೆ ತೊಡೆ, ಆಮೇಲೆ ಹೊಟ್ಟೆ. ಉಸಿರು ತುಂಬಿಕೊಂಡು ತಡೆ, ಮೂರು ಎಣಿಸಿ ಚೂರೇ ಬಿಟ್ಟು ಮತ್ತೆ ತುಂಬು. ಶಾಲೆಯಲ್ಲಿ ಬಿದ್ದ ಮೇಲೆ ಸ್ಟೂಲಿನ ಮೇಲೆ ಕೂರಿಸಿ ಇದನ್ನೇ ಅಲ್ಲವೇ ಕಲಿಸಿದ್ದು? ಆಮೇಲೆ ಒಂದು ಸಲವಾದರೂ ಬಿದ್ದೆಯಾ? ಅದೇ ವಿದ್ಯೆ.

ಪುಸ್ತಕ ಓದಿ ಹೇಳುತ್ತಿಲ್ಲ. ನನಗೂ ಈಚೆಗೆ ಮೇಲೆ ಕ್ಯಾಬಿನ್ನಿನಲ್ಲಿ ಮೂರ್ನಾಲ್ಕು ಸಲ ಅಂಚು ಕಪ್ಪಾದದ್ದುಂಟು. ಏಣಿ ಹತ್ತಿದ ಆಯಾಸ, ಬಿಸಿಲು, ಏನೋ ಒಂದು. ಕೂತಲ್ಲೇ ತೊಡೆ ಹೊಟ್ಟೆ ಬಿಗಿ ಹಿಡಿದೆ, ಗುಂಡಿಯಷ್ಟು ಬೆಳಕು ನಿಂತಿತು, ಹತ್ತು ಎಣಿಸುವಷ್ಟರಲ್ಲಿ ಎಲ್ಲ ಮೊದಲಿನ ಹಾಗೆ. ಒಂದು ಸಲವೂ ಪೂರ್ತಿ ಹೋಗಿಲ್ಲ. ನಾವು ಎಂಟು ವರ್ಷ ಆಡಿದ್ದು ದಂಡವಾಗಲಿಲ್ಲ ನೋಡು.

ಒಂದು ತಮಾಷೆ ಹೇಳುತ್ತೇನೆ. ಮೊನ್ನೆ ಖಾಲಿ ಹುಕ್ಕನ್ನು ಏಳನೇ ಮಹಡಿಗೆ ನೇರ ನಿಲ್ಲಿಸಿ ಕೂತಿದ್ದೆ. ವಾಕಿಟಾಕಿಯಲ್ಲಿ ಸೀಟಿ ಬೊಬ್ಬೆ ಹೊಡೆದ. "ಯಾರನ್ನ ಕೇಳಿ ಇಳಿಸ್ದೆ? ಕೂಗಿದ್ರೂ ಕಿವಿಗೆ ಬೀಳಲ್ವಾ?" ಬಗ್ಗಿ ನೋಡಿದರೆ ಹುಕ್ ನಾಲ್ಕನೇ ಮಹಡಿಯ ಎದುರು ತೂಗುತ್ತಿದೆ. ನಾನು ಇಳಿಸಿದ ನೆನಪೇ ಇಲ್ಲ. ವಾಕಿಟಾಕಿ ಬ್ಯಾಟರಿ ಸತ್ತಿತ್ತು ಎಂದು ಸುಳ್ಳು ಹೇಳಿದೆ. ವಯಸ್ಸಾಯಿತು ಕಣೇ, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಕಾಲ.

ಧೈರ್ಯವಾಗಿರು. ಮೀನಖಂಡ ಮೊದಲು, ಮರೆಯಬೇಡ.

ಅಪ್ಪ


ಜುಲೈ ೧೯

ಅಪ್ಪಾ,

ನಿನ್ನ ತಮಾಷೆಗೆ ನಗು ಬರಲಿಲ್ಲ.

ಏಳನೇ ಮಹಡಿಯಿಂದ ನಾಲ್ಕಕ್ಕೆ ಹುಕ್ ತಾನಾಗಿ ಇಳಿಯುವುದಿಲ್ಲ. ಇಳಿಸಿದ್ದು ಯಾರು? ಇಳಿಯಲು ಎಷ್ಟು ಸೆಕೆಂಡ್ ಬೇಕು, ಲೆಕ್ಕ ಹಾಕು. ಅಷ್ಟು ಹೊತ್ತು ನೀನು ಎಲ್ಲಿದ್ದೆ? ನಾನು ಅಡುಗೆಮನೆಯಲ್ಲಿದ್ದ ಹಾಗೆ ನೀನೂ ಎಲ್ಲೋ ಇದ್ದೆ. ಪೂರ್ತಿ ಹೋಗಿಲ್ಲ ಎಂದು ನೀನು ಬರೆಯುತ್ತೀಯ, ಇನ್ನೂ ಶುರು ಮಾಡಿಲ್ವಾ ಎಂದು ನಾನೂ ಕೇಳಿದ್ದೆ.

ಯಾವಾಗಿನಿಂದ ಆಗುತ್ತಿದೆ? ಎಷ್ಟು ಸಲ? ಕೂತಾಗಲೇ ಆಗುತ್ತದೆಯೋ, ಏಣಿಯ ಮೇಲೂ ಆಗುತ್ತದೆಯೋ? ನಾಳೆಯೇ ಡಾಕ್ಟರ ಹತ್ತಿರ ಹೋಗು. ಅವರು ಹೇಳುವ ತನಕ ಮೇಲೆ ಹತ್ತಬೇಡ. ಆ ಹುಕ್ಕಿಗೆ ಕಂಬಿ ಇರುತ್ತದೆ, ಅದರ ಕೆಳಗೆ ಜನ ಇರುತ್ತಾರೆ.

ಭಾನುವಾರ ಫೋನಿನಲ್ಲಿ ಎಲ್ಲರ ಎದುರು ಕೇಳಲಾರೆ. ಕಾಗದ ಬರೆ.

ಮಗಳು


ಆಗಸ್ಟ್ ೩

ಮಗಳೇ,

ಎರಡು ಭಾನುವಾರ ನೀನು ಫೋನಿನಲ್ಲಿ "ಹೋದ್ಯಾ, ಹೋದ್ಯಾ" ಎಂದು ಕೇಳಿದೆ, ನಾನು ಕೇಳಿಸದವನ ಹಾಗೆ ಮಾಡಿದೆ. ನಿನಗೂ ಗೊತ್ತು, ನನಗೂ ಗೊತ್ತು. ಈಗ ಬಿಡಿಸಿ ಹೇಳುತ್ತೇನೆ.

ನಿನ್ನ ದೊಡ್ಡಪ್ಪ ಬಸ್ಸಿಗೆ ಕಾಯುತ್ತ ನಿಂತವನು ನಿಂತಲ್ಲೇ ಕುಸಿದ, ಮತ್ತೆ ಏಳಲಿಲ್ಲ. ನಲವತ್ತೊಂದು ವರ್ಷ. ಎದೆಬಡಿತ ಲಯ ತಪ್ಪುವ ಕಾಯಿಲೆ, ವಂಶದಲ್ಲಿ ಹರಿದು ಬರಬಹುದು, ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಡಾಕ್ಟರ್ ಹೇಳಿದರು. ನಾನು ಮಾಡಿಸಿಕೊಳ್ಳಲಿಲ್ಲ. ನಿನಗೂ ಮಾಡಿಸಲಿಲ್ಲ. ನಿನಗೆ ಆಗ ಆರು ವರ್ಷ, ನಿನ್ನಮ್ಮ ತೀರಿಕೊಂಡು ಒಂದು ವರ್ಷವೂ ಆಗಿರಲಿಲ್ಲ. ಇನ್ನೊಂದು ಕೆಟ್ಟ ಸುದ್ದಿ ಕೇಳುವ ತ್ರಾಣ ನನಗಿರಲಿಲ್ಲ. ಆಮೇಲೆ ನೀನು ಶಾಲೆಯಲ್ಲಿ ಬಿದ್ದೆ. ನಾನು ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿಲ್ಲ, ಸ್ಟೂಲಿನ ಮೇಲೆ ಕೂರಿಸಿ ತೊಡೆ ಬಿಗಿಯುವುದನ್ನು ಕಲಿಸಿದೆ. ಬೈಯುವುದಾದರೆ ಬೈದುಬಿಡು.

ಈಗ ಯೋಚಿಸು. ನನ್ನ ಎದೆಗೆ ತಂತಿ ಹಚ್ಚಿ ಡಾಕ್ಟರು ಒಂದು ಹೆಸರು ಬರೆದರು ಅಂದುಕೋ. ಪೈಲಟ್ಟಿನ ರೆಕ್ಕೆಯ ಬಿಲ್ಲೆ ಕೊಡುವ ಮುಂಚೆ ನಿಮ್ಮವರು ತಂದೆತಾಯಿಯ ಕಾಯಿಲೆ ಕೇಳುತ್ತಾರೆ ಎಂದು ನೀನೇ ಹೇಳಿದ್ದೆ. ಆ ಹೆಸರು ನಿನ್ನ ಫಾರಂಗೆ ಬಂದು ಕೂರುತ್ತದೆ. ಅಲ್ಲಿಗೆ ಮುಗಿಯಿತು, ನೆಲಕ್ಕೆ ಇಳಿಸುತ್ತಾರೆ. ಡಾಕ್ಟರ ಹತ್ತಿರ ಹೋಗದೆ ಸುಮ್ಮನೆ ಇಳಿದುಬಿಡು ಎನ್ನುತ್ತೀಯ. ಕ್ರೇನಿನವನು ತಾನಾಗಿ ಇಳಿದರೆ ಕಂಪನಿ ಡಾಕ್ಟರಿಗೆ ತೋರಿಸದೆ ಬಿಡುವುದಿಲ್ಲ, ಅದು ಇಲ್ಲಿಯ ನಿಯಮ.

ನವೆಂಬರಿನಲ್ಲಿ ನಿನ್ನ ಎದೆಗೆ ರೆಕ್ಕೆ ಚುಚ್ಚಲಿ. ಮರುದಿನವೇ ಇಳಿಯುತ್ತೇನೆ. ಮೂರು ತಿಂಗಳು, ಕಣ್ಣು ಮುಚ್ಚಿ ಬಿಡುವುದರೊಳಗೆ ಹೋಗುತ್ತದೆ. ಅಲ್ಲಿಯವರೆಗೆ ಬಿಗಿಯಾಗಿ ಕೂರುತ್ತೇನೆ.

ಸೀಟಿಗೂ ಅನುಮಾನ ಬಂದಿದೆ. ನಿನ್ನೆ ಊಟದ ಹೊತ್ತಿನಲ್ಲಿ ಪಕ್ಕ ಬಂದು ಕೂತ. "ನಿಂಗೇನೋ ಆಗಿದೆ, ತೋರಿಸ್ಕೋ ಮಾರಾಯ. ನೀನು ಮೇಲೆ ಕಣ್ಣು ಮುಚ್ಚಿದ್ರೆ ಕೆಳಗೆ ನನ್ ಹೆಂಡ್ತಿ ಕುಂಕುಮ ಅಳಿಸ್ಬೇಕಾಗುತ್ತೆ" ಎಂದ. ತಮಾಷೆಯ ಹಾಗೇ ಹೇಳಿದ. ನಾನೂ ನಕ್ಕೆ. ಡಬ್ಬಿ ಮುಚ್ಚಿ ಏಣಿ ಹತ್ತಿದೆ.

ಅಪ್ಪ


ಆಗಸ್ಟ್ ೨೪

ಅಪ್ಪಾ,

ಮೊದಲು ಒಳ್ಳೆಯ ಸುದ್ದಿ. ಯಂತ್ರದಲ್ಲಿ ಪಾಸಾದೆ. ಈ ಸಲ ಹಸಿರು ದೀಪ ಮಂಕಾದ ಕೂಡಲೇ ಬಟನ್ ಒತ್ತಿದೆ, ನಾಚಿಕೆಪಡಲಿಲ್ಲ. ಹೋದ ಮಂಗಳವಾರ ಒಬ್ಬಳೇ ಹಾರಿದೆ. ಮೋಡ ದಾಟಿದ ಮೇಲೆ ಏನೂ ಇರಲಿಲ್ಲ ಅಪ್ಪಾ, ಬರೀ ಬೆಳಕು. ನಾನು ಒಳಗೆ ಕೂತು ಜೋರಾಗಿ ನಕ್ಕೆ. ಇದನ್ನು ಬಿಟ್ಟು ಬೇರೇನೂ ನನಗೆ ಬೇಡ ಅನಿಸಿತು. ಹಾಗನಿಸಿದ್ದೇ ಈಗ ತೊಂದರೆ.

ನಿಮ್ಮ ಸೈಟಿನ ಸೇಫ್ಟಿ ಆಫೀಸರಿಗೆ ಮೂರು ಸಲ ಕಾಗದ ಬರೆದೆ. ಮೂರು ಸಲವೂ ಹರಿದು ಹಾಕಿದೆ. ಅಪ್ಪನ ಮಾನಕ್ಕೋಸ್ಕರ ಹರಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಮಂಗಳವಾರದ ಆ ಬೆಳಕಿಗೋಸ್ಕರ ಹರಿದೆ. ನಿನ್ನ ಹುಕ್ಕಿನ ಕೆಳಗೆ ನಿಲ್ಲುವವರನ್ನು ನಾನು ನೋಡಿದ್ದೇನೆ, ಸೀಟಿಯ ಹೆಗಲ ಮೇಲೆ ಕೂತು ಹೂಜಿಯಲ್ಲಿ ನೀರು ಕುಡಿದಿದ್ದೇನೆ. ಆದರೂ ಹರಿದೆ.

ನವೆಂಬರಿನ ತನಕ ಎಂದೆಯಲ್ಲ, ಆಗಲಿ. ನಾನು ಒಪ್ಪಿದ್ದೇನೆ ಎಂದು ಬರೆದು ಕೊಡುತ್ತಿದ್ದೇನೆ, ಆಮೇಲೆ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿರಬಾರದು.

ಆದರೆ ನನ್ನ ಮಾತು ಕೇಳು. ಏಣಿ ಹತ್ತಿ ಕಾಲು ಗಂಟೆ ಕೂತು ಆಮೇಲೆ ಲಿವರ್ ಮುಟ್ಟು. ನೀರು ಕುಡಿ. ಲೋಡ್ ಕೆಳಗೆ ಒಬ್ಬರೂ ಇಲ್ಲ ಎಂದು ಸೀಟಿ ಹೇಳದ ಹೊರತು ಇಳಿಸಬೇಡ. ಅಂಚು ಕಪ್ಪಾದರೆ ಬಿಗಿ ಹಿಡಿದು ಹೋರಾಡಬೇಡ, ಲಿವರಿನಿಂದ ಕೈ ಪೂರ್ತಿ ತೆಗೆದುಬಿಡು. ಆಟದಲ್ಲಿ ನೆಲಕ್ಕೆ ಹತ್ತಿರ ಇದ್ದಾಗ ಬಿಗಿ ತಿರುವು ಬೇಡ ಎಂದು ನೀನೇ ನನಗೆ ಬೈಯುತ್ತಿದ್ದೆ. ಈಗ ನಿನ್ನ ಕೆಳಗೆ ಎತ್ತರ ಉಳಿದಿಲ್ಲ.

ಮಗಳು


ಸೆಪ್ಟೆಂಬರ್ ೧೮

ಅಪ್ಪಾ,

ನಾನು ಬರೆದು ಮೂರು ವಾರ ದಾಟಿತು, ಉತ್ತರವಿಲ್ಲ. ಎರಡು ಭಾನುವಾರ ಫೋನು ಹೊಡೆದುಕೊಂಡೇ ಹೋಯಿತು. ಮನೆಯ ಮಾಲೀಕರ ನಂಬರಿಗೆ ಮಾಡಿದೆ. ನೀನು ಮನೆಯಲ್ಲೇ ಇದ್ದೀಯ, ಕೆಲಸಕ್ಕೆ ಹೋಗುತ್ತಿಲ್ಲ ಎಂದರು. ಏನಾಯಿತು ಎಂದರೆ ಅವನನ್ನೇ ಕೇಳಮ್ಮ ಎಂದು ಇಟ್ಟುಬಿಟ್ಟರು.

ಒಂದು ಸಾಲಾದರೂ ಬರೆ.

ಮಗಳು


ಸೆಪ್ಟೆಂಬರ್ ೩೦

ಮಗಳೇ,

ಸೀಟಿ ಹೋದ.

ಈ ತಿಂಗಳ ನಾಲ್ಕನೇ ತಾರೀಖು, ಮಧ್ಯಾಹ್ನ ಊಟವಾಗಿ ಅರ್ಧ ಗಂಟೆ. ಎಂಟನೇ ಸ್ಲ್ಯಾಬಿಗೆ ಕಂಬಿಯ ಕಟ್ಟು ತಂದಿದ್ದೆ. ಒಂದಾಳುದ್ದ ಮೇಲೆ ನಿಲ್ಲಿಸಿದೆ. ಕೆಳಗೆ ಹಾಸಿದ್ದ ಮರದ ತುಂಡು ಒಂದು ಓರೆಯಾಗಿತ್ತು. ಸೀಟಿ ಮುಷ್ಟಿ ಎತ್ತಿ ನಿಲ್ಲಿಸು ಎಂದು ಸನ್ನೆ ಮಾಡಿದ. ವಾಕಿಟಾಕಿಯಲ್ಲೂ ಕೇಳಿದ, "ನಿಲ್ಲಿಸ್ದ್ಯಾ? ತುಂಡು ಸರಿ ಮಾಡ್ತೀನಿ." "ನಿಲ್ಲಿಸಿದೀನಿ, ಹೋಗು" ಎಂದೆ. ಅವನು ಬಗ್ಗಿ ಒಳಗೆ ಹೋದ.

ಆಗ ಅಂಚು ಕಪ್ಪಾಯಿತು. ನಾನು ಹೋಗಿರಲಿಲ್ಲ ಮಗಳೇ. ಈ ಸಲ ಎಲ್ಲ ನೆನಪಿದೆ. ತೊಡೆ ಬಿಗಿದೆ, ಹೊಟ್ಟೆ ಬಿಗಿದೆ. ಗುಂಡಿ ಚಿಕ್ಕದಾಯಿತು. ಚಿಕ್ಕದಾದರೆ ಏನು ಮಾಡಬೇಕು? ಎಂಟು ವರ್ಷ ಪ್ರತಿ ಸಂಜೆ ಮಾಡಿದ್ದನ್ನೇ ಕೈ ಮಾಡಿತು. ಸ್ಟಿಕ್ಕನ್ನು ಮುಂದಕ್ಕೆ ತಳ್ಳಿತು. ಆಟದಲ್ಲಿ ಮುಂದಕ್ಕೆ ತಳ್ಳಿದರೆ ಬೆಳಕು ಬರುತ್ತದೆ. ಕ್ರೇನಿನಲ್ಲಿ ಮುಂದಕ್ಕೆ ತಳ್ಳಿದರೆ ಲೋಡ್ ಇಳಿಯುತ್ತದೆ. ಹಿಡಿ ಎರಡಕ್ಕೂ ಒಂದೇ, ನಾನೇ ಕೂರಿಸಿದ್ದು. ಬೆಳಕು ಬಂತು. ಬಂದಾಗ ಕಟ್ಟು ಕೆಳಗೆ ಕೂತು ಹಗ್ಗ ಸಡಿಲವಾಗಿತ್ತು.

ಆವತ್ತು ಹುಕ್ ಇಳಿಸಿದ್ದು ಯಾರು ಎಂದು ಕೇಳಿದ್ದೆಯಲ್ಲ, ಈಗ ಗೊತ್ತಾಯಿತು. ಕೈ ತೆಗೆದುಬಿಡು ಎಂದು ನೀನು ಬರೆದಿದ್ದೆ. ಆ ಕಾಗದ ನನ್ನ ಜೇಬಿನಲ್ಲೇ ಇತ್ತು.

ವಿಚಾರಣೆಗೆ ಸರ್ಕಾರದಿಂದ ಒಬ್ಬ ಅಧಿಕಾರಿ ಬಂದರು. ನಾನು ಬಾಯಿ ತೆರೆಯುವ ಮುಂಚೆಯೇ ಕಂಪನಿಯವರು ಹೇಳಿಬಿಟ್ಟರು, ಸೀಟಿ ಸನ್ನೆ ಕೊಡದೆ ಲೋಡ್ ಕೆಳಗೆ ನುಗ್ಗಿದ, ತಪ್ಪು ಅವನದೇ ಎಂದು. ಅಧಿಕಾರಿ ನನ್ನ ಕಡೆ ತಿರುಗಿ, "ಹೌದೇನ್ರೀ?" ಎಂದರು. ನಾನು ತಲೆಯಾಡಿಸಿದೆ. ಬರೆದುಕೊಂಡರು. ಕಂಪನಿ ಡಾಕ್ಟರಿಗೂ ನನ್ನನ್ನು ತೋರಿಸಲಿಲ್ಲ. ತಪ್ಪು ಸತ್ತವನದು ಎಂದಾದ ಮೇಲೆ ಬದುಕಿದವನನ್ನು ಯಾಕೆ ಪರೀಕ್ಷೆ ಮಾಡುತ್ತಾರೆ?

ಹತ್ತನೇ ದಿನ ಅವನ ಮನೆಗೆ ಹೋಗಿದ್ದೆ. ಅವನ ಹೆಂಡತಿ ನೀರು ತಂದುಕೊಟ್ಟಳು. "ನಮ್ಮೋರು ಇಪ್ಪತ್ತು ವರ್ಷದಲ್ಲಿ ಒಂದಿನ ಕೇಳ್ದೆ ಒಳಗೆ ಹೋದೋರಲ್ಲ. ನೀವೇ ಹೇಳಿ ಅಣ್ಣ, ಹೋಗೋರಾ? ಎಲ್ಲಾರೂ ಅವ್ರದೇ ತಪ್ಪು ಅಂತಾರೆ, ಮಕ್ಕಳೂ ನಂಬ್ತಿದಾರೆ" ಎಂದಳು. ನಾನು, "ಹಣೆಬರಹ ತಾಯಿ" ಎಂದೆ. ಆ ನೀರು ಕುಡಿದೇ ಬಂದೆ.

ಇನ್ನು ಕ್ರೇನ್ ಹತ್ತುವುದಿಲ್ಲ. ನವೆಂಬರಿನ ತನಕ ಬಾಯಿಗೆ ಬೀಗ ಹಾಕಿಕೊಂಡಿರುತ್ತೇನೆ. ನೀನೂ ಹಾಕಿಕೋ. ನನ್ನ ಕಾಗದಗಳನ್ನೆಲ್ಲ ಸುಟ್ಟುಬಿಡು. ಹೋದವನು ತಿರುಗಿ ಬರುವುದಿಲ್ಲ, ಇರುವವಳು ನೀನೊಬ್ಬಳಾದರೂ ಮೇಲೆ ಇರು.

ಅಪ್ಪ


ಅಕ್ಟೋಬರ್ ೧೧, ಬುಧವಾರ

ಅಪ್ಪಾ,

ನಿನ್ನ ಕಾಗದ ಬಂದ ದಿನ ನಾನು ಹಾರಬೇಕಿತ್ತು. ಹಾರಲಿಲ್ಲ. ಕಡ್ಡಿಯ ಕೋಣೆಗೆ ಹೋಗಿ, ಶಾಲೆಯಲ್ಲಿ ಎರಡು ಸಲ ಬಿದ್ದದ್ದು, ಫಾರಂನಲ್ಲಿ ಇಲ್ಲ ಎಂದು ಬರೆದದ್ದು, ದೊಡ್ಡಪ್ಪನ ವಿಷಯ, ಎಲ್ಲ ಹೇಳಿದೆ. ಅವರು ಎಲ್ಲ ಬರೆದುಕೊಂಡರು. ಆಮೇಲೆ ಆಸ್ಪತ್ರೆಗೆ ಕಳಿಸಿದರು.

ಎರಡು ದಿನ ಎದೆಗೆ ತಂತಿ ಹಚ್ಚಿ ಇಟ್ಟಿದ್ದರು. ಓಡಿಸಿದರು, ಮಲಗಿಸಿದರು, ಮಂಚವನ್ನೇ ಎತ್ತಿ ನಿಲ್ಲಿಸಿ ನೋಡಿದರು. ನನ್ನ ಹೃದಯದಲ್ಲಿ ಏನೂ ಇಲ್ಲವಂತೆ. ಬೆಳೆಯುವ ವಯಸ್ಸಿನಲ್ಲಿ ಬಿಸಿಲಲ್ಲಿ ಖಾಲಿ ಹೊಟ್ಟೆಯಲ್ಲಿ ನಿಂತ ಮಕ್ಕಳು ಬೀಳುವುದು ಮಾಮೂಲು ಎಂದರು. "ಮೊದ್ಲೇ ಹೇಳಿದ್ರೆ ಎರಡು ದಿನದಲ್ಲಿ ಪರೀಕ್ಷೆ ಮಾಡಿ ಕಳಿಸ್ತಿದ್ವಲ್ಲಮ್ಮ, ಯಾಕೆ ಹೇಳ್ಲಿಲ್ಲ?" ಎಂದು ಡಾಕ್ಟರು ಕೇಳಿದರು. ಎರಡು ದಿನ, ಅಪ್ಪಾ. ನಾವು ಮುಚ್ಚಿಟ್ಟದ್ದು ಇಲ್ಲದ ಕಾಯಿಲೆಯನ್ನು.

ಆದರೂ ನನ್ನನ್ನು ಇಳಿಸಿದ್ದಾರೆ. ಕಾಯಿಲೆಗೆ ಇಳಿಸಲಿಲ್ಲ, ಸುಳ್ಳಿಗೆ ಇಳಿಸಿದರು. ಕಡ್ಡಿ ಒಂದು ಮಾತೂ ಬೈಯಲಿಲ್ಲ, ಅದಕ್ಕೇ ಅಳು ಬಂತು. ತಿಂಗಳ ಕೊನೆಗೆ ಇಲ್ಲಿಂದ ಹೊರಡಬೇಕು.

ನಿನ್ನ ಮೇಲೆ ಸಿಟ್ಟಿದೆ. ನನಗೋಸ್ಕರ ಎಂದು ನೀನು ಮಾಡಿದ್ದಕ್ಕೆ ಸಿಟ್ಟು, ನನಗೋಸ್ಕರ ಎಂದು ನಾನು ಬಿಟ್ಟುಕೊಟ್ಟದ್ದಕ್ಕೆ ಇನ್ನೂ ಸಿಟ್ಟು. ನಿನ್ನನ್ನು ನೋಡಬೇಕು ಎಂದೂ ಅನಿಸುತ್ತದೆ. ಎರಡೂ ಒಟ್ಟಿಗೇ ಇವೆ, ಬೇರೆ ಮಾಡಲು ಆಗುತ್ತಿಲ್ಲ.

ಕಾಗದ ಸುಡಲಿಲ್ಲ. ನಿನ್ನ ನಾಲ್ಕು ಕಾಗದ ಒಂದು ಲಕೋಟೆಗೆ ಹಾಕಿದ್ದೇನೆ. ನಾನು ಬರೆದದ್ದರಲ್ಲಿ ನೆನಪಿದ್ದಷ್ಟನ್ನು ಮತ್ತೆ ಬರೆದು ಸಹಿ ಹಾಕಿ ಅದರ ಜೊತೆ ಇಟ್ಟಿದ್ದೇನೆ. ಸೇಫ್ಟಿ ಆಫೀಸರಿಗೆ ಬರೆದು ಹರಿದದ್ದನ್ನೂ, ನವೆಂಬರಿನ ತನಕ ಆಗಲಿ ಎಂದದ್ದನ್ನೂ ಬಿಟ್ಟಿಲ್ಲ. ನಿನ್ನ ಕಾಗದಗಳನ್ನಷ್ಟೇ ಕಳಿಸಿದರೆ ತಪ್ಪೆಲ್ಲ ನಿನ್ನೊಬ್ಬನದೇ ಎಂದು ಕಾಣುತ್ತದೆ.

ಲಕೋಟೆ ವಿಚಾರಣೆಗೆ ಬಂದಿದ್ದ ಆ ಸರ್ಕಾರಿ ಅಧಿಕಾರಿಗೆ ಹೋಗುತ್ತದೆ. ಅಂಚೆಯವರನ್ನು ಕೇಳಿ ದಿನ ಲೆಕ್ಕ ಹಾಕಿದ್ದೇನೆ. ಈ ಕಾಗದ ಇವತ್ತು ಹಾಕುತ್ತೇನೆ, ನಿನಗೆ ಶುಕ್ರವಾರ ಸಿಗುತ್ತದೆ. ಲಕೋಟೆಯನ್ನು ಶುಕ್ರವಾರ ಹಾಕುತ್ತೇನೆ, ಸೋಮವಾರ ಅವರು ಒಡೆಯುತ್ತಾರೆ. ನಡುವೆ ನಿನಗೆ ಎರಡು ದಿನ ಇದೆ.

ಸೀಟಿಯ ಹೆಂಡತಿಗೆ ಇದು ಸರ್ಕಾರಿ ಕಾಗದದಿಂದ ಗೊತ್ತಾಗಬಾರದು. ನೀನೇ ಹೋಗು. ಮಕ್ಕಳನ್ನೂ ಕರೆಯಲು ಹೇಳು. ಅವರಪ್ಪ ಕೇಳಿಯೇ ಒಳಗೆ ಹೋದರು, ನೀನೇ ಅವರಿಗೆ ಹೋಗು ಎಂದಿದ್ದೆ, ಆಮೇಲೆ ನಿನ್ನ ಕೈ ಇಳಿಸಿತು ಎಂದು ಹೇಳು. ಬಾಗಿಲು ತೆಗೆದರೆ ಒಳಗೆ ಹೋಗಿ ಹೇಳು, ಹಾಕಿಕೊಂಡರೆ ಹೊರಗೆ ನಿಂತು ಹೇಳು. ಆಕೆ ಏನು ಅಂದರೂ ಎದ್ದು ಬರಬೇಡ. ಮಗಳಿಗೂ ಗೊತ್ತಿತ್ತು ಎನ್ನುವುದನ್ನು ಹೇಳದೆ ಬಿಡಬೇಡ.

ನಿನ್ನ
ಮಗಳು